ಚಿಕ್ಕ ತುಂಡಿಗೊಂದು ಸ್ಲೆಡ್

ಕಂಪ್ಯೂಟರ್‌ನಲ್ಲಿ ಬರೆದ ಚಿತ್ತಾರವನ್ನು ಮರದಲ್ಲಿ ಕೆತ್ತುವ ಕಾರ್ವ್‌ರೈಟ್ ಯಂತ್ರದಲ್ಲಿ ಮರ ಒಂದೆಡೆ ನಿಲ್ಲುವುದಿಲ್ಲ. ಮೇಲಿನ ರೋಲರ್‌ಗಳು ಒತ್ತಿ ಹಿಡಿದಿರುವಾಗ ಕೆಳಗಿನ ಬೆಲ್ಟ್‌ಗಳು ಹಲಗೆಯನ್ನು ಹಿಂದಕ್ಕೂ ಮುಂದಕ್ಕೂ ಸಾಗಿಸುತ್ತವೆ. ಹಲಗೆಯ ತುದಿ ರೋಲರ್‌ನಿಂದ ಜಾರಿದರೆ ಹಿಡಿತ ತಪ್ಪುವುದರಿಂದ, ಚಿತ್ತಾರದ ಎರಡೂ ತುದಿಗಳಲ್ಲಿ 3.5 ಇಂಚಿನಂತೆ ಒಟ್ಟು 7 ಇಂಚು ಮರ ಹೆಚ್ಚಿಗೆ ಬೇಕಾಗುತ್ತದೆ. ಒಳ್ಳೆಯ ವಾಲ್‌ನಟ್ ಮರವನ್ನು ಹೀಗೆ ಕತ್ತರಿಸಿ ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಎಂಡಿಎಫ್‌ನಿಂದ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸ್ಲೆಡ್, ಅಂದರೆ ಚಿಕ್ಕ ತುಂಡನ್ನು ಹೊತ್ತು ಯಂತ್ರದೊಳಗೆ ಸಾಗುವ ತಟ್ಟೆ, ಮಾಡಿಕೊಂಡಿದ್ದೇನೆ. ಸಮತಟ್ಟಾದ ತಳದ ಎರಡು ಅಂಚುಗಳಿಗೂ ಉದ್ದನೆಯ ಪಟ್ಟಿಗಳನ್ನು ಅಂಟಿಸಿ, ನಡುವೆ ಕೆತ್ತಬೇಕಾದ ತುಂಡನ್ನಿಟ್ಟು, ಅದರ ಹಿಂದೆ ಮುಂದೆ ಅಷ್ಟೇ ದಪ್ಪದ ರದ್ದಿ ಮರವನ್ನು ಬಿಗಿಯಾಗಿ ಕೂರಿಸಿ, ಎಲ್ಲವನ್ನೂ ಎರಡೂ ಬದಿ ಅಂಟುವ ಟೇಪಿನಿಂದ ಹಿಡಿಸುತ್ತೇನೆ. ರೋಲರ್‌ಗಳು ಪಟ್ಟಿಗಳ ಮೇಲೆ ಉರುಳುವುದರಿಂದ ತುಂಡು ಅವುಗಳಿಗಿಂತ ಕೂದಲೆಳೆಯಷ್ಟೂ ಎತ್ತರವಿರಬಾರದು.

ನನ್ನ ಮೊದಲ ಸ್ಲೆಡ್‌ನ ಅಂಚುಗಳು ಸಮಾನಾಂತರವಾಗಿರಲಿಲ್ಲ. ಅದು ಅರ್ಧ ದಾರಿಯಲ್ಲಿ ಬಿಗಿದುಕೊಂಡು ಒಂದು ಹೂಬಳ್ಳಿಯೇ ಹಾಳಾಯಿತು. ಹಲಗೆಯ ಚಲನೆಯನ್ನು ಅಳೆಯುವ ಹಿತ್ತಾಳೆಯ ಚಕ್ರವು ಸ್ಲೆಡ್‌ನ ತಳಕ್ಕೆ ತಾಗಿಯೇ ತಿರುಗುವುದರಿಂದ, ಈಗ ಪ್ರತಿ ಸಲವೂ ಆ ಭಾಗದ ಧೂಳನ್ನೂ ಅಂಟನ್ನೂ ಒರೆಸಿದ ನಂತರವೇ ಯಂತ್ರಕ್ಕೆ ಕೊಡುತ್ತೇನೆ.