ಮೇಡಂ ಕೇಳಿದ ಹದಿನೈದು ದಿನ

ಆಷಾಢದ ಮಳೆ ಹಿಡಿದಿತ್ತು. ಕೊಡಗಿನ ಶನಿವಾರಸಂತೆ ಕಡೆಯ ನಮ್ಮ ತೋಟದಲ್ಲಿ ಕಾಲಿಟ್ಟಲ್ಲೆಲ್ಲ ಜಿಗಣೆ. ಹಂದಿಗೂಡಿನಲ್ಲಿ ಹನ್ನೊಂದು ಹಂದಿ ಇದ್ದವು. ಮೊದಲು ದೊಡ್ಡ ಹೆಣ್ಣು ಹಂದಿ ಮುಸುರೆ ಮುಟ್ಟಲಿಲ್ಲ. ಮೈ ಸುಡುತ್ತಿತ್ತು. ಕಿವಿ ಕೆಂಪಾಗಿ ಆಮೇಲೆ ನೀಲಿಗೆ ತಿರುಗಿತು. ಹಿಂಗಾಲು ಓಲಾಡುತ್ತಿತ್ತು. ಅದಾಗಿ ಆರು ದಿನಕ್ಕೆ ಇನ್ನೆರಡು ಸತ್ತವು.

ಪಶು ಆಸ್ಪತ್ರೆಯ ಡಾಕ್ಟರು ಬಂದು ನೋಡಿದರು, ಏನೂ ಹೇಳದೆ ಫೋನ್ ಮಾಡಿದರು. ಮರುದಿನ ಬೆಂಗಳೂರಿನಿಂದ ಪ್ರಾಣಿಗಳ ಸಾಂಕ್ರಾಮಿಕ ರೋಗ ಸಂಶೋಧನೆ ಮಾಡುವ ಮೇಡಂ ಒಬ್ಬರು ಜೀಪಿನಲ್ಲಿ ಬಂದರು. ಐಸ್ ಪೆಟ್ಟಿಗೆ, ಗಮ್‌ಬೂಟು, ಒಂದು ದಪ್ಪ ನೋಟ್‌ಬುಕ್. ಗೂಡಿಗೆ ಹೋಗುವ ಮುಂಚೆ ಬೂಟನ್ನು ಔಷಧಿ ನೀರಲ್ಲಿ ಅದ್ದಿದರು. ಹೊರಗೆ ಬಂದ ಮೇಲೂ ಅದ್ದಿದರು. ನನ್ನ ಹವಾಯಿ ಚಪ್ಪಲಿ ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಹಂದಿಯನ್ನು ಹಿಡಿಯುವ ಉಪಾಯ ನಾನು ಅವತ್ತೇ ನೋಡಿದ್ದು. ಮೇಲ್ದವಡೆಗೆ ಹಗ್ಗದ ಕುಣಿಕೆ ಹಾಕಿದರೆ ಅದು ಹಿಂದಕ್ಕೆ ಜಗ್ಗುತ್ತಾ ನಿಂತೇಬಿಡುತ್ತದೆ. ಕಿರುಚಾಟ ಮಾತ್ರ ಕೊಡ್ಲಿಪೇಟೆಗೆ ಕೇಳುವಷ್ಟು! ಕತ್ತಿನಿಂದ ರಕ್ತ ತೆಗೆದು ಎರಡು ಟ್ಯೂಬಿಗೆ ಹಾಕಿದರು. ನೇರಳೆ ಮುಚ್ಚಳದ್ದು ವೈರಸ್ ಹುಡುಕೋಕೆ, ಕೆಂಪು ಮುಚ್ಚಳದ್ದು ಮೈಯಲ್ಲಿ ರೋಗದ ವಿರುದ್ಧ ಶಕ್ತಿ ಬಂದಿದೆಯಾ ನೋಡೋಕೆ. ಸತ್ತದ್ದರ ಗುಲ್ಮದ ಚೂರನ್ನೂ ಪೆಟ್ಟಿಗೆಗೆ ಹಾಕಿದರು.

ನನಗಿದ್ದ ಭಯ ಆಫ್ರಿಕನ್ ಹಂದಿ ಜ್ವರದ್ದು. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡದ್ದು ಟಿವಿಯಲ್ಲಿ ನೋಡಿದ್ದೆ. ಅದಾದರೆ ಸುತ್ತ ಒಂದು ಕಿಲೋಮೀಟರಿನ ಹಂದಿಗಳನ್ನೆಲ್ಲ ಕೊಲ್ಲಬೇಕು. ನಮ್ಮಲ್ಲಿ ಮೊದಲಿಂದ ಇರುವ ಹಂದಿ ಜ್ವರವೇ ಬೇರೆ, ಅದಕ್ಕೆ ಲಸಿಕೆ ಇದೆ. "ಕಣ್ಣಿಗೆ ಎರಡೂ ಒಂದೇ ಥರ ಅಮ್ಮ. ಲ್ಯಾಬಲ್ಲೇ ಗೊತ್ತಾಗೋದು" ಅಂದರು ಮೇಡಂ. ಎರಡೂ ಮನುಷ್ಯರಿಗೆ ಬರುವುದಿಲ್ಲ. ಆದರೆ ಪಕ್ಕದ ಮನೆಯವರಿಗೆ 2009ರಲ್ಲಿ ಮನುಷ್ಯರಿಗೆ ಹರಡಿದ್ದ, ಅದೇ ಹೆಸರಿನ ಬೇರೆ ಜ್ವರ ನೆನಪಿತ್ತು. ಮಕ್ಕಳನ್ನು ನಮ್ಮ ಗೇಟಿನ ಹತ್ತಿರವೂ ಬಿಡುತ್ತಿರಲಿಲ್ಲ.

ಸೂಜಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಪ್ರಶ್ನೆ ಮುಗಿಯಲಿಲ್ಲ. "ಮೊದಲನೇದು ಹುಷಾರು ತಪ್ಪೋಕೆ ಮುಂಚೆ ಹದಿನೈದು ದಿನ. ಯಾರು ಬಂದ್ರು, ಏನು ತಂದ್ರಿ? ನೆನಪಿದ್ದಷ್ಟು ಹೇಳಿ." ಮುಸುರೆ ಎಲ್ಲಿಂದ? ಹೋಂಸ್ಟೇಯಿಂದ. ಕುದಿಸ್ತೀರಾ? ಬಿಸಿ ಮಾಡ್ತೀವಿ. ಮರಿ ತಂದಿದ್ರಾ? ಎರಡು ತಂದಿದ್ದೆ. ಇಂಜೆಕ್ಷನ್ ಆಗಿದೆ ಅಂತ ಮಾರಿದವನು ಹೇಳಿದ್ದ, ಬೇರೆ ಕಟ್ಟದೆ ಅದೇ ಗೂಡಿಗೆ ಬಿಟ್ಟಿದ್ದೆ. ಎಲ್ಲ ಬರೆದುಕೊಂಡರು.

"ಮೊದಲನೇ ಹಂದಿ ಎಲ್ಲಿ ಹೂತ್ರಿ?"

"ತೋಟದ ಕೆಳಗೆ, ಸುಣ್ಣ ಹಾಕಿ" ಅಂದೆ.

ಹೂತಿರಲಿಲ್ಲ. ಸಾಯುವ ಮುಂಚೆ ಕೊಯ್ದು ಹಂಚಿದ್ದೆವು. ಎಂಬತ್ತು ಕೆಜಿ ಹಂದಿಯನ್ನು ಮಣ್ಣಿಗೆ ಹಾಕೋಕೆ ಮನಸ್ಸು ಬರಬೇಕಲ್ವಾ? ನಮ್ಮವರು ಜಗಲಿಯಲ್ಲಿ ಕೂತು ನೆಲ ನೋಡುತ್ತಿದ್ದರು.

ಮೇಡಂಗೆ ಕಾಫಿ ಕೊಟ್ಟೆ. ಅವರು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆಯುತ್ತಿದ್ದರು. ನಮ್ಮ ಗೂಡು, ಕೆಲಸದವರ ಲೈನ್ ಮನೆ, ರಸ್ತೆ, ತೋಡು. ತೋಟದ ಕೆಳಗೆ ಒಂದು ಗುರುತು ಹಾಕಿ ಅದರ ಸುತ್ತ ಗೆರೆ ಎಳೆದರು. ಇಲ್ಲದ ಗುಂಡಿ ಅದು. ಆ ಹೆಂಗಸು ಇನ್ನೂರು ಕಿಲೋಮೀಟರಿನಿಂದ ಮಳೆಯಲ್ಲಿ ಬಂದು ನನ್ನ ಸುಳ್ಳಿಗೆ ನಕ್ಷೆ ಬರೆಯುತ್ತಿದ್ದಾರೆ ಅನ್ನಿಸಿತು.

"ಮೇಡಂ, ಹೂಳಲಿಲ್ಲ" ಅಂದೆ.

ಬೈಯಲಿಲ್ಲ. "ಮಾಂಸ ಎಲ್ಲೆಲ್ಲಿ ಹೋಯ್ತು? ಅವರ ಮನೆಯಲ್ಲಿ ಹಂದಿ ಇದೆಯಾ?" ಐದು ಮನೆ ಹೇಳಿದೆ. ಚಿಕ್ಕಮ್ಮನ ಮನೆಯಲ್ಲಿ ಎರಡು ಹಂದಿ ಇದ್ದವು. ಬೆಂದ ಮಾಂಸದಿಂದ ತೊಂದರೆಯಿಲ್ಲವಂತೆ. ಹಸಿ ಮಾಂಸ ತೊಳೆದ ನೀರು ಮುಸುರೆ ಬಕೆಟ್ಟಿಗೆ ಬಿದ್ದರೆ ಸಾಕಂತೆ. ಮೇಡಂ ಕಾಫಿ ಅರ್ಧಕ್ಕೇ ಬಿಟ್ಟು ಜೀಪು ಹತ್ತಿದರು.

ಐದನೇ ದಿನ ಫೋನ್ ಬಂತು. ಆಫ್ರಿಕನ್ ಅಲ್ಲ, ಹಳೇ ಹಂದಿ ಜ್ವರ. ಅಷ್ಟರಲ್ಲಿ ನಮ್ಮ ಗೂಡಿನಲ್ಲಿ ನಾಲ್ಕೇ ಉಳಿದಿದ್ದವು. ಚಿಕ್ಕಮ್ಮನ ಒಂದು ಹಂದಿಗೂ ಜ್ವರ ಬಂದಿತ್ತು. ಅಕ್ಕಪಕ್ಕದ ಮನೆಗಳ ಹಂದಿಗಳಿಗೆ ಲಸಿಕೆ ಹಾಕಿಸಿದರು.

ಸಂಜೆ ಚಿಕ್ಕಮ್ಮನ ಫೋನು. "ಅಲ್ಲ ಕಣೇ, ತಿಂದವರ ಹೆಸರನ್ನೆಲ್ಲ ಬರೆಸಿಬಿಟ್ಯಾ?" ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, "ಮುಸುರೆ ಎಷ್ಟು ಹೊತ್ತು ಕುದಿಸ್ಬೇಕಂತೆ?"

"ತಿರುವುತ್ತಾ ಒಂದು ಗಂಟೆ" ಅಂದೆ.

"ಈ ಮಳೆಯಲ್ಲಿ ಸೌದೆ ಎಲ್ಲಿದೆ" ಅಂತ ಗೊಣಗಿ ಫೋನ್ ಇಟ್ಟರು.