ಐಗರ್ ಎದುರು ಬಯಲೂಟ: ಕ್ಲೈನ ಶೈಡೆಗ್‌ಗೆ ಹೋಗುವವರಿಗೆ

ಸ್ವಿಟ್ಜರ್‌ಲ್ಯಾಂಡಿಗೆ ಹೊರಟವರು, ಬೆಟ್ಟದ ಮೇಲಿನ ರೈಲು ನಿಲ್ದಾಣವಾದ ಯುಂಗ್‌ಫ್ರಾವ್ ಯೋಖ್‌ಗೆ ಹೋಗಬೇಕೇ ಬೇಡವೇ ಎಂದು ಕೇಳುತ್ತಾರೆ. ಹೋಗುವುದೂ ಬಿಡುವುದೂ ನಿಮ್ಮ ಜೇಬಿಗೆ ಬಿಟ್ಟದ್ದು. ನನ್ನ ಸಲಹೆ ಊಟದ ಬಗ್ಗೆ ಮಾತ್ರ. 3454 ಮೀಟರ್ ಎತ್ತರದ ಆ ನಿಲ್ದಾಣದ ಗಾಜಿನ ಹಿಂದೆ ಕುಳಿತು ಉಣ್ಣಬೇಡಿ. ಅದಕ್ಕಿಂತ ಕೆಳಗೆ, 2061 ಮೀಟರಿನಲ್ಲಿರುವ ಕ್ಲೈನ ಶೈಡೆಗ್‌ನಲ್ಲಿ ಇಳಿದು, ಹೊರಗೆ ಬಿಸಿಲಲ್ಲಿ ಹಾಕಿರುವ ಮೇಜಿನಲ್ಲಿ ಕುಳಿತು ಒಂದು ಊಟ ಮಾಡಿ. ಪೂರ್ತಿ ರೈಲಿನಲ್ಲೇ ಹೋಗುವವರು ಗಾಡಿ ಬದಲಿಸಲು ಹೇಗೂ ಅಲ್ಲಿ ಇಳಿಯಲೇಬೇಕು. ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಶಿಖರಗಳು ಎದುರಿಗೇ ನಿಂತಿರುತ್ತವೆ. 3967 ಮೀಟರಿನ ಐಗರ್ ಎಷ್ಟು ಹತ್ತಿರ ಕಾಣುತ್ತದೆಂದರೆ ಮೆನು ಓದಲು ಮನಸ್ಸಾಗುವುದಿಲ್ಲ.

ಹೋಗುವ ದಾರಿ ಎರಡು: ಗ್ರಿಂಡೆಲ್ವಾಲ್ಡ್ ಕಡೆಯಿಂದ ಒಂದು ರೈಲು, ಲೌಟರ್‌ಬ್ರುನ್ನೆನ್‌ನಿಂದ ವೆಂಗೆನ್ ಮೂಲಕ ಇನ್ನೊಂದು. ಮಂಡಿ ನೋವಿಲ್ಲದವರು ಕೇಬಲ್ ಕಾರಿನಲ್ಲಿ ಮೆನ್ಲಿಖೆನ್‌ಗೆ ಹತ್ತಿ, ಅಲ್ಲಿಂದ ಕ್ಲೈನ ಶೈಡೆಗ್‌ವರೆಗೆ ನಡೆದು ಬರುವುದು ಎಲ್ಲಕ್ಕಿಂತ ಚೆನ್ನ. ನಾಲ್ಕೂವರೆ ಕಿಲೋಮೀಟರಿನಷ್ಟು ದಾರಿ, ಹೆಚ್ಚಿನದು ಇಳಿಜಾರು, ಒಂದೂವರೆ ಗಂಟೆ ಸಾಕು. ಹಸಿವೂ ಸರಿಯಾಗಿ ಹುಟ್ಟುತ್ತದೆ. ಹಿಮ ಕರಗುವವರೆಗೆ ಈ ಕಾಲುದಾರಿ ತೆರೆದಿರುವುದಿಲ್ಲ, ಜೂನ್‌ಗೆ ಮೊದಲು ಹೋಗುವವರು ವಿಚಾರಿಸಿಕೊಳ್ಳಿ. ನವೆಂಬರ್‌ನಲ್ಲಿ ಬೆಟ್ಟದ ಮೇಲಿನ ಹಲವು ಉಪಾಹಾರ ಗೃಹಗಳು ಬಾಗಿಲು ಹಾಕಿರುತ್ತವೆ. ಚಳಿಗಾಲದ ಸ್ಕೀಯಿಂಗ್ ಮುಗಿದು ಬೇಸಿಗೆ ಶುರುವಾಗುವ ಮುನ್ನವೂ ಇದೇ ಕಥೆ.

ಹೊರಡುವ ದಿನ ಬೆಳಿಗ್ಗೆ ಮೇಲಿನ ನಿಲ್ದಾಣಗಳ ಕ್ಯಾಮೆರಾ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ. ಕೆಳಗಿನ ಊರಾದ ಇಂಟರ್‌ಲಾಕೆನ್‌ನಲ್ಲಿ ಮೋಡ ಕವಿದಿದ್ದರೂ ಮೇಲೆ ನಿಗಿನಿಗಿ ಬಿಸಿಲಿರಬಹುದು, ಇದರ ತಿರುವುಮುರುವೂ ಆಗಬಹುದು. ಆ ಊರಿನಿಂದ ಕ್ಲೈನ ಶೈಡೆಗ್ ಹೆಚ್ಚುಕಡಿಮೆ ಒಂದೂವರೆ ಸಾವಿರ ಮೀಟರ್ ಮೇಲಿರುವುದರಿಂದ ಉಷ್ಣತೆ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ. ಬಿಸಿಲಿನಲ್ಲಿ ಕುಳಿತಾಗ ಅದು ಗೊತ್ತೇ ಆಗುವುದಿಲ್ಲ. ಒಂದು ಮೋಡ ಅಡ್ಡ ಬಂದರೆ ಸಾಕು, ತಟ್ಟೆಯಲ್ಲಿರುವುದು ಆರಿ ತಣ್ಣಗಾಗುತ್ತದೆ, ಸ್ವೆಟರ್ ಹುಡುಕುವಂತಾಗುತ್ತದೆ. ಕೆಲವು ಕಡೆ ಕುರ್ಚಿಯ ಮೇಲೆ ಕುರಿಯ ಚರ್ಮವನ್ನೋ ಕಂಬಳಿಯನ್ನೋ ಇಟ್ಟಿರುತ್ತಾರೆ, ಸಂಕೋಚವಿಲ್ಲದೆ ಹೊದ್ದುಕೊಳ್ಳಿ. ಟೋಪಿ ಮತ್ತು ಸನ್‌ಸ್ಕ್ರೀನ್ ಮರೆಯಬೇಡಿ. ಚಳಿಯಿದೆ ಎಂದು ಅವುಗಳನ್ನು ಬಿಟ್ಟು ಬಂದವರ ಮೂಗು ಸಂಜೆಗೆ ಕೆಂಪಾಗಿರುತ್ತದೆ.

ಈಗ ಮುಖ್ಯ ವಿಷಯ, ಗಡಿಯಾರ. ಹನ್ನೆರಡಕ್ಕೆ ಮುಂಚೆಯೇ ಹೋಗಿ ಕುಳಿತುಕೊಳ್ಳಿ. ಎರಡು ಗಂಟೆ ಕಳೆದ ಮೇಲೆ ಅನೇಕ ಕಡೆ ಒಲೆ ಆರಿಸುತ್ತಾರೆ. ಆಮೇಲೆ ಸಿಗುವುದು ಸೂಪ್, ಕೇಕ್, ತಣ್ಣನೆಯ ಸ್ಯಾಂಡ್‌ವಿಚ್ ಮಾತ್ರ. ಮೂರು ಗಂಟೆಗೆ ಊಟಕ್ಕೆ ಹೋಗಿ ಕೂರುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಮೇಜಿನ ಮೇಲೆ ಕಾಯ್ದಿರಿಸಿದ ಚೀಟಿ ಇದೆಯೇ ಎಂದು ನೋಡಿ. ಉದ್ದನೆಯ ಮೇಜಿನಲ್ಲಿ ಜಾಗ ಖಾಲಿಯಿದ್ದರೆ ಅಲ್ಲಿ ಕುಳಿತವರನ್ನು ಕೇಳಿ ಪಕ್ಕದಲ್ಲಿ ಕೂರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಕೂರುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಗಮನಿಸಿ. ಒಳಗೆ ಸೇದುವಂತಿಲ್ಲದ ಸಿಗರೇಟುಗಳೆಲ್ಲ ಹೊರಗಿನ ಮೇಜುಗಳಲ್ಲೇ ಹೊತ್ತಿಕೊಳ್ಳುತ್ತವೆ. ಬೆಟ್ಟದ ಗಾಳಿ ಕುಡಿಯಲು ಅಷ್ಟು ದೂರ ಹೋದವರಿಗೆ ಇದು ದೊಡ್ಡ ಕಿರಿಕಿರಿ.

ಸಸ್ಯಾಹಾರಿಗಳು ಉಪವಾಸ ಇರಬೇಕಾಗಿಲ್ಲ, ಆದರೆ ಬಾಯಿಬಿಟ್ಟು ಕೇಳಬೇಕು. ನಮ್ಮ ಜೊತೆಗಿದ್ದ ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಅವರಿಗೆ ಒಗ್ಗಿದ್ದು ರೋಷ್ಟಿ: ತುರಿದ ಆಲೂಗಡ್ಡೆಯನ್ನು ಬಾಣಲೆಯಲ್ಲಿ ಒತ್ತಿ ಹುರಿದದ್ದು, ಅಂಚು ಅಕ್ಕಿರೊಟ್ಟಿಯಂತೆ ಗರಿಗರಿ. ಬರ್ನ್ ಶೈಲಿಯ ರೋಷ್ಟಿಗೆ ಹಂದಿಮಾಂಸದ ಚೂರು ಹಾಕುವುದು ವಾಡಿಕೆ, ಮೇಲೊಂದು ಮೊಟ್ಟೆಯೂ ಕೂರಬಹುದು. ಹಾಗಾಗಿ ಅಲ್ಲಿನ ಜರ್ಮನ್ ಭಾಷೆಯಲ್ಲಿ 'ಓನೆ ಫ್ಲೈಶ್, ಓನೆ ಶ್ಪೆಕ್, ಓನೆ ಆಯ್' ಎಂದು ಹೇಳಿ: ಮಾಂಸ ಬೇಡ, ಹಂದಿಮಾಂಸದ ಚೂರು ಬೇಡ, ಮೊಟ್ಟೆ ಬೇಡ. ಮಾಂಸ ಬೇಡ ಎಂದರೆ ಸಾಲದೇ ಎನ್ನಬೇಡಿ, ಆ ಚೂರುಗಳನ್ನು ಲೆಕ್ಕಕ್ಕೇ ಹಿಡಿಯದವರಿದ್ದಾರೆ. ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಕೆನೆ ಸೇರಿಸಿ ಮಾಡಿ, ಹುರಿದ ಈರುಳ್ಳಿ ಉದುರಿಸಿ, ಸೇಬಿನ ಗೊಜ್ಜಿನ ಜೊತೆ ಕೊಡುವ ಎಲ್ಪ್ಲರ್‌ಮಗ್ರೋನೆನ್ ಮಕ್ಕಳಿಗೆ ಬಲು ಇಷ್ಟ. ಇದಕ್ಕೂ ಅದೇ ಪ್ರಶ್ನೆ ಕೇಳಿ. ಫಾಂಡ್ಯೂನಲ್ಲಿ ಬಿಳಿ ವೈನ್ ಇರುತ್ತದೆ, ಸಾಮಾನ್ಯವಾಗಿ ಕಿರ್ಷ್ ಎಂಬ ಚೆರ್ರಿ ಮದ್ಯವೂ ಸೇರಿರುತ್ತದೆ; ಕುದಿಸಿದ ಮಾತ್ರಕ್ಕೆ ಮದ್ಯವೆಲ್ಲ ಹೋಗಿಬಿಡುವುದಿಲ್ಲ. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗಳನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದು ನಿಮಗೆ ಒಪ್ಪದಿದ್ದರೆ ಚೀಸ್ ಇಲ್ಲದ ರೋಷ್ಟಿ, ಜೊತೆಗೆ ಸಲಾಡ್. ಕಟ್ಟುನಿಟ್ಟಿನವರಿಗೆ ಆ ಬೆಟ್ಟದ ಮೇಲೆ ಆಯ್ಕೆ ಕಡಿಮೆ.

ಚಹಾದ ಆಸೆ ಇಟ್ಟುಕೊಳ್ಳಬೇಡಿ. ಬಿಸಿನೀರು ಮತ್ತು ಒಂದು ಚೀಲ ಬರುತ್ತದೆ, ಅಷ್ಟೇ. ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ರುಚಿಯೂ ಪೇಲವ. ಕಾಫಿ ವಾಸಿ.

ಖರ್ಚಿನ ಲೆಕ್ಕ: ಒಂದು ತಟ್ಟೆ ರೋಷ್ಟಿಗೆ 20 ಫ್ರಾಂಕ್ ದಾಟುವುದು ಮಾಮೂಲು, ಒಂದು ಫ್ರಾಂಕ್ ನೂರು ರೂಪಾಯಿಗಿಂತ ಹೆಚ್ಚು. ಪ್ರತಿ ಊಟವನ್ನೂ ಹೀಗೆ ಮಾಡಿದರೆ ವಾಪಸು ಬಂದು ಸಾಲ ತೀರಿಸಬೇಕಾದೀತು. ಒಂದು ಮಧ್ಯಾಹ್ನಕ್ಕೆ ಧಾರಾಳವಾಗಿ ಕೊಡಿ, ಉಳಿದ ದಿನಗಳಲ್ಲಿ ಕೋಪ್ ಅಥವಾ ಮಿಗ್ರೋಸ್ ಅಂಗಡಿಯಿಂದ ಬ್ರೆಡ್, ಹಣ್ಣು, ಮೊಸರು ಕೊಂಡು ದಾರಿಬದಿಯ ಬೆಂಚಿನಲ್ಲಿ ಕುಳಿತು ತಿನ್ನಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ಆದರೆ ಮನೆಯಿಂದ ತಂದ ಚಪಾತಿ, ಚಟ್ನಿಪುಡಿಯ ಡಬ್ಬವನ್ನು ಹೋಟೆಲಿನ ಮೇಜಿನ ಮೇಲೆ ಬಿಚ್ಚಬೇಡಿ. ಒಂದು ಕಾಫಿ ತರಿಸಿಕೊಂಡು ಆರು ಜನ ಬುತ್ತಿ ಬಿಚ್ಚುವುದನ್ನು ಕಂಡಿದ್ದೇನೆ; ಬಡಿಸುವ ಹುಡುಗಿಯ ಮುಖ ನೋಡಲಾಗಲಿಲ್ಲ. ಬೆಂಚುಗಳು ಎಲ್ಲೆಲ್ಲೂ ಇವೆ, ನೋಟಕ್ಕೇನೂ ಕೊರತೆಯಿಲ್ಲ.

ಕುಡಿಯುವ ನೀರನ್ನು ಕೊಳ್ಳದೆ ಊರಿನ ಕಾರಂಜಿಗಳಲ್ಲಿ ಬಾಟಲಿ ತುಂಬಿಸಿಕೊಳ್ಳಿ. 'ಕೈನ್ ಟ್ರಿಂಕ್‌ವಾಸರ್' ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು. ಹೋಟೆಲಿನಲ್ಲಿ ನಲ್ಲಿ ನೀರು ಕೇಳಿದರೂ ಕೆಲವರು ದುಡ್ಡು ಹಾಕುತ್ತಾರೆ.

ಹಳದಿ ಕೊಕ್ಕಿನ ಕಪ್ಪು ಹಕ್ಕಿಗಳು ಮೇಜಿನ ಸುತ್ತ ಸುಳಿಯುತ್ತಿರುತ್ತವೆ. ಕಾಗೆಯ ಕುಲದವು, ಬುದ್ಧಿಯೂ ಅದೇ. ಫೋಟೊ ತೆಗೆಯಲು ಎಲ್ಲರೂ ಒಟ್ಟಿಗೆ ಎದ್ದರೆ ತಟ್ಟೆಯಲ್ಲಿದ್ದದ್ದು ಅವುಗಳ ಪಾಲು. ಮಕ್ಕಳು ಬ್ರೆಡ್ ಎಸೆಯಲು ಹೊರಟರೆ ತಡೆಯಿರಿ.

ಕೇಳದೆ ಬಿಲ್ ತರುವುದು ಅಲ್ಲಿನವರಿಗೆ ಅಸಭ್ಯ. ಎದ್ದು ಹೋಗಿ ಎಂದಂತಾಗುತ್ತದಂತೆ. ಆದ್ದರಿಂದ ರೈಲಿಗೆ ಇಪ್ಪತ್ತು ನಿಮಿಷ ಇರುವಾಗಲೇ 'ತ್ಸಾಲೆನ್, ಬಿಟ್ಟೆ' ಎಂದು ಹೇಳಿ. ಸೇವೆಯ ಹಣ ಬೆಲೆಯಲ್ಲೇ ಸೇರಿರುತ್ತದೆ, ಚಿಲ್ಲರೆ ಬಿಟ್ಟುಕೊಟ್ಟರೆ ಸಾಕು. ಕಾರ್ಡ್ ಯಂತ್ರ ರೂಪಾಯಿಯೋ ಫ್ರಾಂಕೋ ಎಂದು ಕೇಳಿದರೆ ಫ್ರಾಂಕ್ ಒತ್ತಿ, ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕೈ ಕಚ್ಚುತ್ತದೆ. ಕೊನೆಯ ರೈಲಿನ ಸಮಯವನ್ನು ಹತ್ತುವಾಗಲೇ ಬರೆದಿಟ್ಟುಕೊಳ್ಳಿ. ಕೇಬಲ್ ಕಾರುಗಳು ಸಂಜೆ ಬೇಗನೆ ನಿಲ್ಲುತ್ತವೆ, ಗಾಳಿ ಜೋರಾದರೆ ಮಧ್ಯಾಹ್ನವೇ ನಿಂತರೂ ನಿಂತವೇ.