ಲೆಕ್ಕಕ್ಕೆ ಸಿಗದ ಗಾಳಿ

ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್, ಅಂದರೆ ಹೊಗೆ ಪರೀಕ್ಷೆ, ತಪ್ಪಿದ್ದಲ್ಲ. ನನ್ನ 1991ರ ಮಾಜ್ದಾ ಮಿಯಾಟಾಕ್ಕೆ ಈ ಸಲದ ನೋಟಿಸು ಬಂದಾಗ ಅದು ಪರೀಕ್ಷೆಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು ಸುಮ್ಮನೆ ಏಳುವುದು, ಬೀಳುವುದು. ಒಂದನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಜರ್ಕು ಹೊಡೆಯದೆ ಹೊರಡದು. ಸುನೋಲ್ ಎಂಬ ಊರಿನ ಬಳಿಯ ಏರಿನಲ್ಲಿ ಎಕ್ಸಲರೇಟರ್ ಎಷ್ಟು ಒತ್ತಿದರೂ ಪಿಕಪ್ ಇಲ್ಲ. ಹಾಸನದಿಂದ ಬಂದು ನಮ್ಮೊಂದಿಗಿದ್ದ ಅಮ್ಮ ಪಕ್ಕದ ಸೀಟಿನಲ್ಲಿ ಕುಳಿತು, "ಇದಕ್ಕೆ ಉಬ್ಬಸ ಹಿಡಿದ ಹಾಗಿದೆಯಲ್ಲಪ್ಪ" ಎಂದರು. ಪಕ್ಕದ ಸೀಟು ಎಂದರೆ ಇರುವುದೇ ಅದೊಂದು. ಇಬ್ಬರೇ ಕೂರುವ ಕಾರನ್ನು ಅಷ್ಟು ದುಡ್ಡು ಕೊಟ್ಟು ಏಕೆ ಕೊಂಡೆ ಎಂಬ ಅವರ ಪ್ರಶ್ನೆಗೆ ನನ್ನಿಂದ ಇನ್ನೂ ಉತ್ತರ ಹೋಗಿಲ್ಲ.

ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ಇಣುಕಿ, ಏರ್ ಫ್ಲೋ ಮೀಟರ್ ಕೆಟ್ಟಿದೆ, ಬದಲಿಸಬೇಕು ಎಂದರು. ಹೇಳಿದ ಬೆಲೆ ಕೇಳಿ ನಾನು ಬಾನೆಟ್ ಮುಚ್ಚಿಸಿಕೊಂಡು ಮನೆಗೆ ಬಂದೆ. ಬೆಲೆಯಷ್ಟೇ ಕಾರಣವಲ್ಲ. ಆ ಮೀಟರಿನ ಕೆಲಸ ಗೊತ್ತಿದ್ದವರು ಮೊದಲೇಟಿಗೇ ಅದರ ಮೇಲೆ ಆರೋಪ ಹೊರಿಸುವುದಿಲ್ಲ.

1.6 ಲೀಟರಿನ ಈ ಇಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವುದು ಆ ಮೀಟರಿನೊಳಗಿನ, ಸ್ಪ್ರಿಂಗ್ ಹಾಕಿದ ಒಂದು ಪುಟ್ಟ ಬಾಗಿಲು. ಏರ್ ಫಿಲ್ಟರ್ ದಾಟಿ ಬಂದ ಗಾಳಿ ಅದನ್ನು ಎಷ್ಟು ತಳ್ಳಿತು ಎಂಬುದನ್ನು ನೋಡಿಕೊಂಡು ಕಂಪ್ಯೂಟರು ಪೆಟ್ರೋಲ್ ಬಿಡುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಬಾಗಿಲು ದಾಟಿದ ಮೇಲೆ, ಎಕ್ಸಲರೇಟರ್ ಒತ್ತಿದಂತೆ ತೆರೆದು ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಸೇರುವವರೆಗಿನ ಕೊಳವೆಯಲ್ಲಿ ಎಲ್ಲಿಯೇ ಬಿರುಕು ಬಿಟ್ಟರೂ ಅಲ್ಲಿಂದ ನುಗ್ಗುವ ಗಾಳಿ ಅಳತೆಗೆ ಸಿಗುವುದಿಲ್ಲ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುವ ಆಕ್ಸಿಜನ್ ಸೆನ್ಸರ್ ಇದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ, ಆಮೇಲೆ ಅದೂ ಕೈಚೆಲ್ಲುತ್ತದೆ. ಇನ್ನೊಂದು ತಮಾಷೆಯೆಂದರೆ ಪೆಟ್ರೋಲ್ ಪಂಪಿನ ಸ್ವಿಚ್ಚನ್ನೂ ಈ ಮೀಟರಿನೊಳಗೇ ಇಟ್ಟಿದ್ದಾರೆ. ಕೊಳವೆ ಪೂರ್ತಿ ಕಳಚಿಕೊಂಡರೆ ಬಾಗಿಲು ಅಲುಗುವುದಿಲ್ಲ, ಪಂಪು ಓಡುವುದಿಲ್ಲ, ಸ್ಟಾರ್ಟ್ ಆದ ಇಂಜಿನ್ ಮರುಕ್ಷಣವೇ ನಿಂತುಹೋಗುತ್ತದೆ.

ಆದ್ದರಿಂದ ಕೊಳವೆಯಿಂದಲೇ ಶುರುಮಾಡಿದೆ. ಮೇಲಿನಿಂದ ನೋಡಿದರೆ ಏನೂ ತೊಂದರೆ ಕಾಣಲಿಲ್ಲ. ಬಿರುಕಿರಬಹುದಾದ ಕಡೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಆರ್‌ಪಿಎಂ ಬದಲಾಗುತ್ತದೆಯೇ ನೋಡು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಬಿಸಿ ಇಂಜಿನ್ ಪಕ್ಕದಲ್ಲಿ ಬೆಂಕಿ ಹತ್ತುವ ದ್ರಾವಣ ಸಿಂಪಡಿಸುವ ಉಮೇದು ನನಗಿಲ್ಲ. ಅದಲ್ಲದೆ ಥ್ರಾಟಲ್‌ಗೆ ಮುಂಚಿನ ಈ ಭಾಗದಲ್ಲಿ, ಇಂಜಿನ್ ಸುಮ್ಮನೆ ಓಡುತ್ತಿರುವಾಗ ಎಳೆತವೇ ತೀರ ಕಡಿಮೆ. ಅಮ್ಮನ ಕೈಗೆ ಟಾರ್ಚು ಕೊಟ್ಟು, ರಬ್ಬರಿನ ಮಡಿಕೆಗಳನ್ನು ಒಂದೊಂದಾಗಿ ಬೆರಳಿನಿಂದ ಅಗಲಿಸುತ್ತ ಹೋದೆ. ಥ್ರಾಟಲ್ ಕಡೆಯ ತುದಿಯಲ್ಲಿ, ಕೆಳಬದಿಯ ಮಡಿಕೆಯೊಳಗೆ ಬೆರಳಿನ ಉಗುರು ಪೂರ್ತಿ ಇಳಿಯಿತು.

"ಇಷ್ಟೇನಾ? ಸೈಕಲ್ ಟ್ಯೂಬಿಗೆ ಹಾಕುವಂತೆ ಒಂದು ಪ್ಯಾಚ್ ಹಾಕಿಬಿಡು" ಎಂದರು ಅಮ್ಮ.

ಹಿಂದಿನ ಮಾಲೀಕನೂ ಅದನ್ನೇ ಯೋಚಿಸಿದ್ದನೆಂದು ಕಾಣುತ್ತದೆ. ಪಕ್ಕದ ಮಡಿಕೆಗೆ ಸುತ್ತಿದ್ದ ಟೇಪು ಎಣ್ಣೆಯಲ್ಲಿ ನೆನೆದು, ಅಂಟು ಕರಗಿ ಜಾರಿತ್ತು. ಏರ್ ಫಿಲ್ಟರಿನ ಪೆಟ್ಟಿಗೆ ಕಾರಿನ ಮೈಗೆ ಭದ್ರವಾಗಿದೆ, ಥ್ರಾಟಲ್ ಇಂಜಿನ್ನಿಗೆ ಅಂಟಿಕೊಂಡಿದೆ. ಎಕ್ಸಲರೇಟರ್ ಒತ್ತಿದಾಗಲೆಲ್ಲ ಇಂಜಿನ್ ಪಕ್ಕಕ್ಕೆ ವಾಲುತ್ತದೆ. ಆ ಅಲುಗಾಟವನ್ನು ನುಂಗುವುದಕ್ಕೆಂದೇ ನಡುವೆ ಮಡಿಕೆಯ ರಬ್ಬರ್ ಕೊಟ್ಟಿರುವುದು. ಮೂವತ್ತಕ್ಕೂ ಹೆಚ್ಚು ವರ್ಷ ಬಿಸಿ ತಿಂದು, ಇಂಜಿನ್ನಿನ ಮೇಲಿನ ಮುಚ್ಚಳವಾದ ವಾಲ್ವ್ ಕವರಿನಿಂದ ಬರುವ ಎಣ್ಣೆಯ ಹಬೆ ಕುಡಿದ ರಬ್ಬರಿಗೆ ಪ್ಯಾಚ್ ಎಷ್ಟು ದಿನ? ನಿಂತಾಗ ಮುಚ್ಚಿಕೊಂಡಿರುವ ಸೀಳು ಏರಿನಲ್ಲಿ ಬಾಯಿ ತೆರೆಯುತ್ತಿತ್ತು. ಸುನೋಲ್ ಏರಿನಲ್ಲಿ ಪಿಕಪ್ ಸಾಯುತ್ತಿದ್ದುದು ಅದಕ್ಕೇ.

ಬದಲಿಗೆ ಏನು ಹಾಕುವುದು ಎಂಬುದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಕೆಂಪು, ನೀಲಿ ಸಿಲಿಕೋನ್ ಕೊಳವೆಗಳು, ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೈಪುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಬಾನೆಟ್ ತೆರೆದು ಸ್ನೇಹಿತರಿಗೆ ತೋರಿಸಲು ಚೆಂದ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಗಾಳಿಯ ದಾರಿಯನ್ನು ಮಾರ್ಪಡಿಸುವ ಭಾಗಕ್ಕೆ ರಾಜ್ಯದ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ಸಂಖ್ಯೆ ಇಲ್ಲದಿದ್ದರೆ, ಹೊಗೆ ಎಷ್ಟೇ ಶುದ್ಧವಾಗಿರಲಿ, ಬಾನೆಟ್ ಎತ್ತಿ ಕಣ್ಣಿನಿಂದ ನೋಡುವ ತಪಾಸಣೆಯಲ್ಲೇ ಕಾರು ಫೇಲು. ನಾನು ಮೂಲ ಆಕಾರದ ಕಪ್ಪು ರಬ್ಬರನ್ನೇ ತರಿಸಿದೆ, ಜೊತೆಗೆ ಕಾರು ನಿಂತಾಗಿನ ಆರ್‌ಪಿಎಂ ನೋಡಿಕೊಳ್ಳುವ ಐಡಲ್ ವಾಲ್ವಿನ ಮತ್ತು ವಾಲ್ವ್ ಕವರಿನ ಸಣ್ಣ ಹೋಸುಗಳನ್ನೂ.

ದೊಡ್ಡ ಕೊಳವೆ ಸುಲಭವಾಗಿ ಬಂತು. ಸತಾಯಿಸಿದ್ದು ಸಣ್ಣವು. ಹಳೆಯ ಹೋಸನ್ನು ನೇರ ಎಳೆದರೆ ಅದು ಸಿಕ್ಕಿಸಿರುವ ಪ್ಲಾಸ್ಟಿಕ್ ಮೂತಿಯೇ ಮುರಿದು ಕೈಗೆ ಬರುತ್ತದೆ. ಮೊದಲು ತಿರುಚಿ ಅಂಟು ಬಿಡಿಸಬೇಕು, ಬಿಡದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಬೇಕು. ಹೇಗೂ ಎಸೆಯುವ ವಸ್ತು, ಅದರ ಮೇಲೆ ಕನಿಕರ ಬೇಡ. ತೆರೆದ ಥ್ರಾಟಲ್ ಬಾಯಿಗೆ ಬಟ್ಟೆ ತುರುಕಿದ್ದೆ. ಒಂದು ಸ್ಕ್ರೂ ಒಳಗೆ ಬಿದ್ದರೆ ಇಂಜಿನ್ನೇ ಬಿಚ್ಚಬೇಕಾಗುತ್ತದೆ. ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು, ಒರೆಸಿ ಏರಿಸಿದೆ. ಕ್ಲಾಂಪುಗಳನ್ನು ಕೊಳವೆ ತಿರುಗದಷ್ಟು ಬಿಗಿದರೆ ಸಾಕು, ಅದಕ್ಕಿಂತ ಹೆಚ್ಚು ಬಿಗಿದರೆ ಒಳಗಿನ ಪ್ಲಾಸ್ಟಿಕ್ ಒಡೆಯುತ್ತದೆ.

ಸ್ಟಾರ್ಟ್ ಮಾಡಿದಾಗ ಓಲಾಟ ನಿಂತಿತ್ತು, ಆದರೆ ಇಂಜಿನ್ ಬಿಸಿಯಾದ ಮೇಲೂ ಆರ್‌ಪಿಎಂ 1,100ರ ಹತ್ತಿರವೇ ಉಳಿಯಿತು. ಈ ಇಂಜಿನ್ನಿಗೆ ಇರಬೇಕಾದದ್ದು 850, ಐವತ್ತು ಆಚೀಚೆ. ಸೋರುವ ಕೊಳವೆಯ ಜೊತೆ ಕಾರು ನಿಂತುಹೋಗದಿರಲೆಂದು ಯಾರೋ ಥ್ರಾಟಲ್ ಬಾಡಿಯ ಗಾಳಿ ಸ್ಕ್ರೂವನ್ನು ಸಡಿಲಿಸಿದ್ದರು. ಕಾಯಿಲೆ ಹೋದರೂ ಔಷಧಿ ಉಳಿದಿತ್ತು. ಇಂಜಿನ್ ಪಕ್ಕದ ಡಯಾಗ್ನೋಸಿಸ್ ಡಬ್ಬಿಯ ಮುಚ್ಚಳ ತೆಗೆದು, ಟಿಇಎನ್ ಮತ್ತು ಗ್ರೌಂಡ್ ಎಂಬ ಎರಡು ತೂತುಗಳ ನಡುವೆ ತುಂಡು ವೈರು ಸಿಕ್ಕಿಸಿದರೆ ಕಂಪ್ಯೂಟರು ತನ್ನ ತಿದ್ದುಪಡಿಯನ್ನು ನಿಲ್ಲಿಸುತ್ತದೆ. ಆಗ ಸ್ಕ್ರೂ ತಿರುಗಿಸಿ 850ಕ್ಕೆ ತಂದು ವೈರು ಕಿತ್ತೆ.

ಸ್ಮಾಗ್ ಚೆಕ್ಕಿನಲ್ಲಿ ಕಾರನ್ನು ರೋಲರ್ ಮೇಲೆ ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ಹೊಗೆ ಅಳೆದರು. ಪಾಸು. ತಪಾಸಕ ಹೊಸ ರಬ್ಬರನ್ನು ಒಂದು ಸಲ ಮುಟ್ಟಿ ನೋಡಿ, ಏನೂ ಹೇಳದೆ ಬಾನೆಟ್ ಮುಚ್ಚಿದ. ಬಣ್ಣದ ಕೊಳವೆ ಹಾಕಿದ್ದರೆ ಅಷ್ಟು ಬೇಗ ಮುಚ್ಚುತ್ತಿರಲಿಲ್ಲ.

ಇನ್ನು ಇಂಜಿನ್ನಿನೊಳಗಿನ ಹಬೆಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಪಿಸಿವಿ ವಾಲ್ವ್ ಕೂರುವ ರಬ್ಬರ್ ಬುಷ್ ಬಾಕಿ ಇದೆ. ಅದೂ ಗಡುಸಾಗಿದೆ, ಅದೂ ಗಾಳಿ ಸೋರುವ ಜಾಗವೇ. ತರಿಸಿಟ್ಟಿದ್ದೇನೆ. ಅಮ್ಮ ಊರಿಗೆ ಹೊರಡುವ ಮೊದಲೇ ಹಾಕಿ ಮುಗಿಸಬೇಕು. ಹೇಳಿದ ಜಾಗಕ್ಕೆ ಟಾರ್ಚು ಬಿಡುವವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ.